ಸುರಪುರದ ಮಾಳಿಗೆ ಮನೆಗೆ ಬಂದ ಎರಡು ಪೆಟ್ಟಿಗೆ

ಸುರಪುರಕ್ಕೆ ಸಂಜೆ ಬೇಗ ಬರುತ್ತದೆ. ಊರನ್ನು ಬಳಸಿ ನಿಂತ ಗುಡ್ಡಗಳು ಪಡುವಣದ ಸೂರ್ಯನನ್ನು ಹೊತ್ತಿಗೆ ಮುಂಚೆಯೇ ಮರೆಮಾಡುತ್ತವೆ. ಬಯಲಿನ ಹಳ್ಳಿಗಳಲ್ಲಿ ಇನ್ನೂ ಬಿಸಿಲು ಮಿನುಗುತ್ತಿರುವಾಗ ಇಲ್ಲಿನ ಓಣಿಗಳಿಗೆ ನೆರಳು ಇಳಿದಿರುತ್ತದೆ. ಬಂಡೆಗಳು ಮಾತ್ರ ದಿನವಿಡೀ ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಬಿಡುತ್ತಲೇ ಇರುತ್ತವೆ. ಮೆಡೋಸ್ ಟೇಲರ್ 1840ರ ದಶಕದಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಮಂಜಿಲ್ ಕೂಡ ಆ ಹೊತ್ತಿನಲ್ಲಿ ಕಲ್ಲಿನ ಬಣ್ಣಕ್ಕೇ ತಿರುಗಿ ಗುಡ್ಡದೊಳಗೆ ಸೇರಿಕೊಂಡಂತೆ ಕಾಣುತ್ತದೆ.

ಮಾರ್ಚ್ ತಿಂಗಳ ಅಂಥದೊಂದು ಸಂಜೆ ಮಾಸ್ತರ ಮನೆಯ ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಎರಡು ಪೆಟ್ಟಿಗೆ ಮಲಗಿಸಿ, ಗೋಣಿತಾಟು ಹೊದಿಸಿದ್ದರು. ನಾಲ್ಕು ಮಂದಿ ಹಿಡಿದರೂ ಒಂದೊಂದು ಪೆಟ್ಟಿಗೆ ಹೊಸ್ತಿಲು ದಾಟಲು ಹತ್ತು ನಿಮಿಷ ಬೇಕಾಯಿತು. ನಿಲ್ಲಿಸಿದಾಗ ನನ್ನ ಎದೆಮಟ್ಟ. ಕೆಳಗೆ 15 ಇಂಚಿನ ಕಾಗದದ ಕೋನ್, ಮೇಲೆ ಮಸಿಗಟ್ಟಿದ ಲೋಹದ ಹಾರ್ನ್. ಮುಂದಿನ ಬಟ್ಟೆ ಹರಿದಿತ್ತು, ಪ್ಲೈವುಡ್ಡಿನ ಒಂದು ಮೂಲೆಯನ್ನು ಇಲಿ ತಿಂದಿತ್ತು. ಕೋನಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಎಂದೋ ಮುಚ್ಚಿದ ಟಾಕೀಸೊಂದರ ಪರದೆಯ ಹಿಂದೆ ನಿಂತು ಹಾಡಿದ, ಅತ್ತ, ಗುಡುಗಿದ ಸ್ಪೀಕರ್ ಪೆಟ್ಟಿಗೆಗಳು ಇವು. ಗುಜರಿಗೆ ಹೋಗುತ್ತಿದ್ದುದನ್ನು ಮಾಸ್ತರು ತಡೆದು ತಂದಿದ್ದರು.

ಮಾಸ್ತರು ನಿವೃತ್ತರು. ಗೋಡೆಯ ಮಾಡಿನಲ್ಲಿ ದೇವರ ಫೋಟೋದ ಪಕ್ಕಕ್ಕೇ ಎಲ್‌ಪಿ ತಟ್ಟೆಗಳನ್ನು ಜೋಡಿಸಿಟ್ಟವರು: ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು. ವಚನ ಕೇಳಬೇಕೆಂದರೆ ಸಿದ್ಧರಾಮ ಜಂಬಲದಿನ್ನಿಯವರ ದನಿಯೇ ಆಗಬೇಕು. 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾದಾಗ ಮಾಸ್ತರು ಹುಡುಗ. ನೆರೆಮನೆಯ ವಾಲ್ವ್ ರೇಡಿಯೋದ ಮುಂದೆ ಕೂತು, ಒಳಗಿನ ಕೆಂಪು ದೀಪ ನೋಡುತ್ತ ಹಾಡು ಕೇಳಿ ಬೆಳೆದ ಕಿವಿ ಅದು.

ಪೆಟ್ಟಿಗೆಯ ಮೈಮೇಲಿನ ಧೂಳನ್ನು ಟವೆಲಿನಿಂದ ಒರೆಸುತ್ತ ಅವರು ಕೇಳಿದರು: “ಮೈ ಅಂತೂ ಬಂತು. ಇನ್ ಇದಕ್ಕ ಜೀವ ಯಾವುದು ತುಂಬೋದು ಹೇಳ್ರಿ. ವಾಲ್ವೋ, ಟ್ರಾನ್ಸಿಸ್ಟರೋ?”

ಯಾವ ಆಂಪ್ಲಿಫೈಯರ್ ತಕ್ಕದ್ದೆಂದು ಹೇಳಲು ನನಗೆ ಆಗಲಿಲ್ಲ. ಅದಕ್ಕಾಗಿಯೇ ಯಾದಗಿರಿಗೆ ಹೋದೆ.

*

ಯಾದಗಿರಿಯಲ್ಲಿ ಇಳಿದವರಿಗೆ ಮೊದಲು ಕಾಣುವುದು ಕೋಟೆಯ ಗುಡ್ಡ. ಅದನ್ನು ಬೆನ್ನಿಗಿಟ್ಟುಕೊಂಡು ಸ್ಟೇಷನ್ ಕಡೆಯ ರಸ್ತೆ ಹಿಡಿದರೆ ಸುಸಲಾ, ಮಿರ್ಚಿ ಭಜಿಯ ಬಂಡಿಗಳ ನಡುವೆ ಒಂದು ರಿಪೇರಿ ಅಂಗಡಿ. ಅಗಲ ಎಂಟಡಿ ಇದ್ದೀತು. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರ್‌ಗಳು. ಮುಂಬೈ–ಚೆನ್ನೈ ದಾರಿಯ ಗೂಡ್ಸ್ ಗಾಡಿ ಹಾದುಹೋದಾಗಲೆಲ್ಲ ಅವು ಸಣ್ಣಗೆ ಗದಗುಟ್ಟುತ್ತವೆ. ಕಾದ ರಾಳದ ವಾಸನೆ, ಸಾಲ್ಡರಿನ ಎಳೆ ಹೊಗೆ. ಮಿಕ್ಸರ್, ಇನ್ವರ್ಟರ್, ಮೈಕ್ ಸೆಟ್ಟು ಎಲ್ಲವೂ ಹೊಟ್ಟೆ ಬಿಚ್ಚಿಕೊಂಡು ಮಲಗಿವೆ. ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು ಉಸ್ತಾದ್ ಎಂದೇ ಕರೆದೆ.

ಬೆಂಚಿನ ಮೇಲೆ ಉಸ್ತಾದರು ಎರಡು ಆಂಪ್ಲಿಫೈಯರ್ ತಂದಿಟ್ಟರು. ಒಂದು ವಾಲ್ವಿನದು. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಭಾರವೆಲ್ಲ ಹಿಂದಿನ ಮೂರು ಟ್ರಾನ್ಸ್‌ಫಾರ್ಮರ್‌ಗಳದು. ಮುಂದೆ ಇಎಲ್34 ಎಂಬ ನಾಲ್ಕು ಉದ್ದನೆಯ ಗಾಜಿನ ಕೊಳವೆ, ಎಡಕ್ಕೆರಡು, ಬಲಕ್ಕೆರಡು. ಅವುಗಳ ಮುಂದೆ ಹೆಬ್ಬೆರಳಿನ ಗಾತ್ರದ ಇಸಿಸಿ83ಗಳು. ಒಂದು ಬದಿಗೆ 35 ವ್ಯಾಟ್. ಇನ್ನೊಂದು ಟ್ರಾನ್ಸಿಸ್ಟರಿನದು: ಕಪ್ಪು ರೆಕ್ಕೆಗಳ ಅಲ್ಯೂಮಿನಿಯಂ ಬೆನ್ನು, ಅದಕ್ಕೆ ಕಚ್ಚಿಸಿದ 2ಎನ್3055 ಮತ್ತು ಅದರ ಜೋಡಿ ಎಂಜೆ2955. 8 ಓಮಿಗೆ 40 ವ್ಯಾಟ್. ಎರಡೂ ಕೈಯಿಂದ ಕಟ್ಟಿದವು. ಎರಡರ ಹೊಟ್ಟೆಯೊಳಗೂ ಕಟ್ಟಿದವರ ಅಚ್ಚುಕಟ್ಟು ಕಾಣುತ್ತಿತ್ತು.

ಅವರು ಡ್ರಾಯರಿನಿಂದ ಬಣ್ಣ ಮಾಸಿದ ರಟ್ಟಿನ ಸಣ್ಣ ಡಬ್ಬಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಳಗೆ ಒಂದು ಇಸಿಸಿ83, ಗಾಜಿನ ಮೇಲೆ ‘ಬಿಇಎಲ್’ ಎಂಬ ಅಕ್ಷರ. “ನಮ್ ಬೆಂಗಳೂರಿಂದು ಸರ. ಜಪಾನ್ ಅಲ್ಲ, ಇಂಗ್ಲೆಂಡ್ ಅಲ್ಲ.”

ಆ ಡಬ್ಬಿ ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದ್ದು 1954ರಲ್ಲಿ. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುವಾಯಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರ್. ಇಂದು ಜಗತ್ತಿನಾದ್ಯಂತ ಹಾಡು ಕೇಳುವವರು ಯಾವ ಎರಡು ಪಂಗಡಗಳಾಗಿ ವಾದಿಸುತ್ತಾರೋ ಆ ಎರಡೂ ನಮ್ಮ ನಾಡಿನಲ್ಲಿ ಒಂದೇ ಅಂಗಳದಲ್ಲಿ, ಒಂದೇ ವರ್ಷದ ಅಂತರದಲ್ಲಿ ಹುಟ್ಟಿದ ಅಕ್ಕತಂಗಿಯರು. ಸುರಪುರದ ರೇಡಿಯೋಗಳು ಹಾಡಿದ್ದು ಎಷ್ಟೋ ಸಲ ಜಾಲಹಳ್ಳಿಯ ಗಾಜಿನ ಬಲದಿಂದ. ಇದನ್ನು ನಾವು ನೆನಪಿಟ್ಟುಕೊಂಡಿಲ್ಲ. ಇಟ್ಟುಕೊಳ್ಳಬೇಕಿತ್ತು.

ಇಂದು ಅಂಗಡಿಗೆ ಬರುವ ಹೊಸ ವಾಲ್ವುಗಳು ರಷ್ಯಾದ ಸರಾತೋವ್‌ನಿಂದಲೋ, ಸ್ಲೊವಾಕಿಯಾದಿಂದಲೋ, ಚೀನಾದಿಂದಲೋ ಬರಬೇಕು. ಇಎಲ್34ರಂಥ ದುಡಿಯುವ ವಾಲ್ವಿಗೆ ಎರಡರಿಂದ ಐದು ಸಾವಿರ ಗಂಟೆ ಆಯಸ್ಸು. ದಿನಕ್ಕೆ ಎರಡು ಗಂಟೆ ಕೇಳಿದರೆ ಕಡಿಮೆಯೆಂದರೂ ಮೂರು ವರ್ಷದ ಹತ್ತಿರ ಬಾಳೀತು. ಮುಂದಿನ ಸಣ್ಣ ವಾಲ್ವುಗಳು ಹತ್ತು ಸಾವಿರ ಗಂಟೆ ದಾಟುವುದೂ ಉಂಟು.

“ಮೊದಲ ಹೇಳ್ರಿ, ನಿಮ್ ಸ್ಪೀಕರಿನ ಓಮ್ಸ್ ಎಷ್ಟ್ ಅದ?” ಉಸ್ತಾದರ ಮೊದಲ ಪ್ರಶ್ನೆ ಅದು. ಯಾವ ಆಂಪು ಬೇಕು ಎಂದು ಅವರು ಕೇಳಲೇ ಇಲ್ಲ.

ಮಾಸ್ತರ ಮನೆಯಲ್ಲಿ ಮೀಟರ್ ಹಚ್ಚಿ ನೋಡಿದ್ದೆ, ಹನ್ನೆರಡರ ಹತ್ತಿರ ತೋರಿಸಿತ್ತು. ಅವರು ತಲೆಯಾಡಿಸಿದರು. ಮೀಟರ್ ತೋರಿಸುವುದು ತಂತಿಯ ಬರಿಯ ತಡೆ. ಹನ್ನೆರಡು ತೋರಿಸಿದರೆ ಅದು 16 ಓಮಿನ ಕಾಯಿಲ್, ಆರು ತೋರಿಸಿದರೆ 8 ಓಮಿನದು. ಹಳೆಯ ಟಾಕೀಸ್ ಸ್ಪೀಕರ್‌ಗಳು ಬಹಳಷ್ಟು 16 ಓಮಿನವೇ. “ಅಲ್ಲೇ ಅರ್ಧ ಮಾತು ಮುಗೀತ್ ಸರ. ಈ ನಲವತ್ತು ವ್ಯಾಟಿನ ಟ್ರಾನ್ಸಿಸ್ಟರು ಹದಿನಾರು ಓಮಿಗೆ ಇಪ್ಪತ್ತಾಗಿ ಕುಂದರ್ತದ. ವಾಲ್ವಿಗೆ ಹಂಗಿಲ್ಲ. ಹಿಂದ ನೋಡ್ರಿ.” ಹಿಂಬದಿಯಲ್ಲಿ ಸಾಲಾಗಿ ತಿರುಪುಗಳು: 4, 8, 16. ಪೆಟ್ಟಿಗೆ ಯಾವುದೋ ಆ ತಿರುಪಿಗೆ ತಂತಿ ಕಟ್ಟಿದರೆ 35 ವ್ಯಾಟೂ ಪೂರಾ ಸಿಗುತ್ತದೆ.

ಹಿಂದಿನ ಓಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಭೀಮಾ ದಂಡೆಯ ಪಂಪ್‌ಸೆಟ್ಟುಗಳೆಲ್ಲ ಸುಟ್ಟಾಗ ಬರುವುದು ಅಂಥಲ್ಲಿಗೇ. ಆ ವಾಲ್ವ್ ಆಂಪಿನ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಿದ್ದು ಅಲ್ಲಿನ ಕೈ. ಪಂಪ್ ಮೋಟಾರ್ ಸುತ್ತಿದ ಹಾಗೆ ಅದನ್ನು ಸುತ್ತಲಾಗದು. ಒಳತಂತಿ, ಹೊರತಂತಿಗಳನ್ನು ಒಂದರ ಮೇಲೊಂದು ಐದಾರು ಪದರ ಮಾಡಿ, ನಡುವೆ ಕಾಗದ ಹಾಸಿ, ಸುತ್ತು ಎಣಿಸಿ ಎಣಿಸಿ ಕೂಡಿಸಬೇಕು. ಪದರ ತಪ್ಪಿದರೆ ತಂಬೂರಿಯ ಮೇಲಿನ ಎಳೆ ಸತ್ತೇ ಹೋಗುತ್ತದೆ. ಸ್ಟ್ಯಾಂಪಿಂಗಿನ ಕಬ್ಬಿಣದ ಹಾಳೆ ಕಳಪೆಯಾದರೆ ಡೊಳ್ಳಿನ ಗುಂಡಿಗೆ ಸಾಯುತ್ತದೆ. ವಾಲ್ವ್ ಆಂಪಿನ ಒಳ್ಳೆಯದು ಕೆಟ್ಟದ್ದು ಮುಕ್ಕಾಲು ಪಾಲು ಈ ಕಬ್ಬಿಣದ ಗಟ್ಟಿಯಲ್ಲಿದೆ. ಗಾಜು ಕಣ್ಣಿಗೆ ಕಾಣುತ್ತದೆ ಎಂದು ಎಲ್ಲರೂ ಗಾಜನ್ನೇ ಹೊಗಳುತ್ತಾರೆ. ನನಗೆ ಕೇಳಿದರೆ ಹೊಗಳಬೇಕಾದ್ದು ಈ ಸುತ್ತುವ ಕೈಯನ್ನು.

*

ಭೀಮಾ ಸೇತುವೆ ದಾಟಿ ಶಹಾಪುರದ ಹಾದಿ ಹಿಡಿದರೆ ದೂರದಲ್ಲಿ ಬುದ್ಧ ಮಲಗಿದ ಬೆಟ್ಟ ಕಾಣಿಸಿಕೊಳ್ಳುತ್ತದೆ. ಹಣೆ, ಮೂಗು, ಗದ್ದ, ಎದೆ. ಅಂಗಾತ ಮಲಗಿ ಆಕಾಶ ನೋಡುವ ಮೈ. ಬಸ್ಸಿನಲ್ಲಿ ಎಷ್ಟು ಸಲ ಹೋದರೂ ಕಣ್ಣು ತಾನೇ ಆ ಕಡೆ ತಿರುಗುತ್ತದೆ.

ಶಹಾಪುರದಲ್ಲಿ ಮೈಕ್ ಸೆಟ್ಟಿನ ಕಾಕಾ ಇದ್ದಾರೆ. ಅವರ ತಗಡಿನ ಶೆಡ್ಡಿನಲ್ಲಿ ಮೂಲೆಗೆ ಒರಗಿದ ಅಲ್ಯೂಮಿನಿಯಂ ಭೋಂಗಾಗಳು, ಸುತ್ತಿಟ್ಟ ತಂತಿಯ ಸಿಂಬಿಗಳು, ಅಹುಜಾ ಆಂಪುಗಳು. ಹೊಸ ಕಾಲದ ಡಿಜೆ ಪೆಟ್ಟಿಗೆಗಳ ಗೋಡೆಯೇ ಒಂದು ಕಡೆ ಎದ್ದಿದೆ. ಅದು ಮಕ್ಕಳ ಕಾರುಬಾರು. ಕಾಕಾ ಕೂರುವುದು ಭೋಂಗಾಗಳ ಪಕ್ಕ. ಮೈಲಾಪುರದ ಸಂಕ್ರಾಂತಿ ಜಾತ್ರೆ, ತಿಂಥಣಿ ಮೌನೇಶ್ವರನ ಜಾತ್ರೆ, ಗೋಗಿಯ ಉರುಸು, ಎಲ್ಲ ಕಡೆಗೂ ತಂತಿ ಎಳೆದ ಕೈ ಅವರದು.

“ವಾಲ್ವಾ?” ಎಂದವರೇ ಮುಖ ತಿರುಗಿಸಿದರು. “ಜಾತ್ರಿಗೆ ವಾಲ್ವ್ ಸೆಟ್ ಒಯ್ದವನಿಗೇ ಗೊತ್ತದ ಅದರ ಸಂಕಟ. ಬಂಡ್ಯಾಗ ಕೂಸಿನಂಗ ತೊಡಿಮ್ಯಾಲ ಇಟಗೊಂಡು ಹೋಗ್ತಿದ್ವಿ. ಕಲ್ಲಮ್ಯಾಲ ಗಾಲಿ ಹತ್ತಿದ್ರ ನಮ್ ಎದಿ ಧಸಕ್ ಅಂತಿತ್ತು.” ಕರೆಂಟಿಲ್ಲದ ಊರಿಗೆ ಜನರೇಟರ್ ಬೇಕಿತ್ತು. ಅದರ ಗದ್ದಲ ಬೇರೆ. ಆಮೇಲೆ ಟ್ರಾನ್ಸಿಸ್ಟರ್ ಸೆಟ್ಟು ಬಂತು. ಗಾಡಿಯ 12 ವೋಲ್ಟಿನ ಬ್ಯಾಟರಿಯೊಂದನ್ನು ಪಕ್ಕಕ್ಕಿಟ್ಟರೆ ಸಾಕು, ರಾತ್ರಿಯೆಲ್ಲ ಬಯಲಾಟ ನಡೆಯಿತು, ಭಜನೆ ನಡೆಯಿತು. ನಮ್ಮ ಹಳ್ಳಿಗಳಿಗೆ ದನಿ ಮುಟ್ಟಿದ್ದು ಟ್ರಾನ್ಸಿಸ್ಟರಿನಿಂದ. ವಾಲ್ವಿನ ಸಿಹಿಯನ್ನು ಮೆಚ್ಚುವವರು ಈ ಉಪಕಾರವನ್ನು ಮರೆಯಬಾರದು.

ಚಾ ಬಂತು. ಕಾಕಾ ನಿಧಾನಕ್ಕೆ ಎರಡು ಬಗೆಯ ಸಾವಿನ ಕತೆ ಹೇಳಿದರು. ನನ್ನ ಓಡಾಟದಲ್ಲೆಲ್ಲ ನನಗೆ ದಕ್ಕಿದ ದೊಡ್ಡ ಪಾಠ ಅದೇ.

ಮೊದಲನೆಯದು ವಾಲ್ವಿನದು. ಒಂದು ಜಾತ್ರೆಯಲ್ಲಿ ಎತ್ತಿನ ಕೊಂಬಿಗೆ ಸಿಕ್ಕಿ ಭೋಂಗಾದ ತಂತಿ ಹರಿಯಿತು. ಯಾರೂ ನೋಡಲಿಲ್ಲ. ಮೈಕಿನ ಮುಂದಿನವರು ಕೂಗುತ್ತಲೇ ಇದ್ದರು. ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೇ ಸಾವಿರಾರು ವೋಲ್ಟಾಗಿ ಏರಿ, ಕಿಡಿ ಹಾರಿ, ಸುತ್ತುಗಳನ್ನೇ ಸುಟ್ಟಿತು. ಆದ್ದರಿಂದ ವಾಲ್ವ್ ಆಂಪನ್ನು ಸ್ಪೀಕರ್ ಕಟ್ಟದೆ ಎಂದೂ ಹಚ್ಚಬಾರದು.

ಎರಡನೆಯದು ಟ್ರಾನ್ಸಿಸ್ಟರಿನದು. ಇದರ ಶತ್ರು ತುಂಡಾದ ತಂತಿಯಲ್ಲ, ಒಂದಕ್ಕೊಂದು ತಾಕಿದ ತಂತಿ. ತಾಕಿದರೆ ‘ಟಪ್’ ಎಂದು ಒಂದು ಸದ್ದು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಮುಗಿಯಿತು. ಸತ್ತ ಟ್ರಾನ್ಸಿಸ್ಟರ್ ಬರಿಯ ತಂತಿಯಂತಾಗಿ, ಒಳಗಿನ ನೇರ ಕರೆಂಟನ್ನು ಹಾಗೇ ಸ್ಪೀಕರಿಗೆ ಬಿಡುತ್ತದೆ. ಕಾಕಾ ಸುಟ್ಟ ಕಾಯಿಲೊಂದನ್ನು ತೋರಿಸಿದರು. ಇದ್ದಿಲಿನ ಹಾಗೆ ಕಪ್ಪಗಿತ್ತು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಉಸ್ತಾದರ ಟ್ರಾನ್ಸಿಸ್ಟರ್ ಆಂಪಿನೊಳಗೆ 30 ವೋಲ್ಟ್ ಇರುತ್ತದೆ. ಮಾಸ್ತರ ಕಾಯಿಲಿನ ತಡೆ 12 ಓಮ್. ಟ್ರಾನ್ಸಿಸ್ಟರ್ ಸತ್ತ ಗಳಿಗೆಯಿಂದ ಆ ಕಾಯಿಲಿನಲ್ಲಿ 75 ವ್ಯಾಟ್ ಬಿಸಿ, ಬಿಡುವಿಲ್ಲದೆ. ಕೋನ್ ಒಂದೇ ಕಡೆ ಒತ್ತಿಕೊಂಡು ಅಲ್ಲೇ ನಿಂತಿರುತ್ತದೆ, ಗಾಳಿಯಾಡುವುದಿಲ್ಲ. ಹೊಸ ಸ್ಪೀಕರ್ ಸುಟ್ಟರೆ ಇನ್ನೊಂದು ತರಬಹುದು. ಮುಚ್ಚಿದ ಟಾಕೀಸಿನ ಈ ಕೋನನ್ನು ಎಲ್ಲಿಂದ ತರುವುದು? ವಾಲ್ವ್ ಆಂಪಿನಲ್ಲಿ ಸ್ಪೀಕರಿಗೂ ಒಳಗಿನ ನಾನೂರು ವೋಲ್ಟಿಗೂ ನಡುವೆ ಆ ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತಿರುತ್ತದೆ. ವಾಲ್ವ್ ಸತ್ತರೆ ಹಾಡು ನಿಲ್ಲುತ್ತದೆ, ಸ್ಪೀಕರ್ ಉಳಿಯುತ್ತದೆ. ಟ್ರಾನ್ಸಿಸ್ಟರಿಗೂ ಈ ಕಾವಲು ಕೊಡಬಹುದು: ನೇರ ಕರೆಂಟು ಕಂಡೊಡನೆ ಸ್ಪೀಕರನ್ನು ಬಿಡಿಸುವ ರಿಲೇ ಇರುವ ಪ್ರೊಟೆಕ್ಷನ್ ಬೋರ್ಡು. ದೊಡ್ಡ ಹಳೆಯ ಪೆಟ್ಟಿಗೆ ಇಟ್ಟುಕೊಂಡವರು ಆ ಬೋರ್ಡಿಲ್ಲದ ಟ್ರಾನ್ಸಿಸ್ಟರ್ ಆಂಪನ್ನು ಹತ್ತಿರ ಸೇರಿಸಬಾರದು.

ಹೊರಡುವಾಗ ಮಕ್ಕಳಲ್ಲೊಬ್ಬ ಕೇಳಿದ: “ಎಷ್ಟ್ ವ್ಯಾಟ್ ಬೇಕ್ರಿ ನಿಮಗ? ಸಾವಿರದ್ದ್ ಅದ, ಎರಡ್ ಸಾವಿರದ್ದೂ ಅದ.”

ವ್ಯಾಟಿನ ಹುಚ್ಚು ನಮ್ಮ ಊರುಗಳನ್ನು ಗಟ್ಟಿಯಾಗಿ ಹಿಡಿದಿದೆ. ಮದುವೆಯ ಮೆರವಣಿಗೆಯಲ್ಲಿ ಕಿಟಕಿಯ ಗಾಜು ನಡುಗುತ್ತದೆ, ತೊಟ್ಟಿಲ ಕೂಸು ಬೆಚ್ಚಿ ಏಳುತ್ತದೆ, ಹಾಡು ಯಾವುದೆಂದೇ ತಿಳಿಯುವುದಿಲ್ಲ. 1930ರ ದಶಕದಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಚಿತ್ರಮಂದಿರಗಳಿಗೆಂದು ಮಾಡಿದ ಒಂದು ವಾಲ್ವ್ ಆಂಪಿನ ಶಕ್ತಿ ಸುಮಾರು 8 ವ್ಯಾಟ್. ಅಷ್ಟರಲ್ಲೇ ಪರದೆಯ ಹಿಂದಿನ ದೊಡ್ಡ ಹಾರ್ನ್ ಇಡೀ ಸಭಾಂಗಣಕ್ಕೆ ಮಾತು ಮುಟ್ಟಿಸುತ್ತಿತ್ತು.

ಪೆಟ್ಟಿಗೆ ದೊಡ್ಡದಾದಷ್ಟೂ ಆಂಪು ದೊಡ್ಡದಿರಬೇಕು ಎಂದು ಎಲ್ಲರೂ ನಂಬಿದ್ದಾರೆ. ಬಹಳ ಸಲ ನಿಜ ಇದಕ್ಕೆ ತಿರುಗುಮುರುಗು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಇಂದಿನ ಸಣ್ಣ ಕಪಾಟು ಸ್ಪೀಕರ್ 87 ಡೆಸಿಬಲ್ ಹೇಳುತ್ತದೆ. ಮಾಸ್ತರ ಪೆಟ್ಟಿಗೆಯಂಥದು 96 ಹೇಳುತ್ತದೆ, ಕೆಲವು 100ನ್ನೂ ಮುಟ್ಟುತ್ತವೆ. ಮೂರು ಡೆಸಿಬಲ್ ಏರಲು ವ್ಯಾಟ್ ಇಮ್ಮಡಿಯಾಗಬೇಕು. ಅಂದರೆ ಒಂಬತ್ತು ಡೆಸಿಬಲ್ಲಿನ ವ್ಯತ್ಯಾಸ ಎಂಟು ಪಟ್ಟು. ಮನೆಯಲ್ಲಿ ಸಣ್ಣ ಸ್ಪೀಕರಿಗೆ ತಬಲಾದ ಪೆಟ್ಟು ತೋರಿಸಲು 50 ವ್ಯಾಟ್ ಬೇಕಾದರೆ ಈ ದೊಡ್ಡಪ್ಪನಿಗೆ ಆರು ಸಾಕು.

*

ಶಹಾಪುರ ಬಿಟ್ಟು ಸುರಪುರದ ಕಡೆ ಹೊರಟರೆ ಕಣ್ಣಿಗೆ ಹಸಿರು ತಾಕುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ ಈ ಎರೆನೆಲವನ್ನು ಭತ್ತದ ಗದ್ದೆ ಮಾಡಿದೆ. ಬಿಸಿಲಿಗೆ ತಡೆಯಲಾರದೆ ಒಂದು ತೂಬಿನ ಬಳಿ ಇಳಿದು ಮುಖ ತೊಳೆದೆ. ತೂಬಿನ ಗಾಲಿಯನ್ನು ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಒಂದಿಷ್ಟು ತಿರುಗಿಸಿದ. ಅಷ್ಟಕ್ಕೇ ದಪ್ಪನೆಯ ನೀರು ನುಗ್ಗಿ ಹೊಲಗಳ ಕಡೆ ಹರಿಯಿತು.

ಆಂಪ್ಲಿಫೈಯರ್ ಮಾಡುವುದೂ ಇದನ್ನೇ. ತಟ್ಟೆಯ ಮೇಲಿನ ಮುಳ್ಳು ಕೊಡುವ ಸಂಕೇತ ಆ ಒಂದು ಕೈಯಷ್ಟು ಬಡವ. ಅದು ತೂಬನ್ನು ಏರಿಸಿ ಇಳಿಸುತ್ತದೆ. ಹರಿಯುವ ಬಲ ಮನೆಯ ಕರೆಂಟಿನದು. ವಾಲ್ವಿನೊಳಗೆ ಕೆಂಪಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಎದ್ದು ನಿರ್ವಾತದಲ್ಲಿ ಹಾರುತ್ತವೆ, ನಡುವಿನ ತಂತಿಯ ಜಾಲರಿ ತೂಬು. ಟ್ರಾನ್ಸಿಸ್ಟರಿನಲ್ಲಿ ಹಾರಾಟವಿಲ್ಲ, ಕಾಯಿಸುವುದೂ ಇಲ್ಲ. ಸಿಲಿಕಾನಿನ ಗಟ್ಟಿ ಹರಳಿನೊಳಗೇ ಹರಿವು, ಅಲ್ಲೇ ತೂಬು.

ವ್ಯತ್ಯಾಸ ನೀರಿನ ಬಗೆಯಲ್ಲಿದೆ. ವಾಲ್ವಿನದು ಎತ್ತರದಿಂದ ಬೀಳುವ ಎಳೆಧಾರೆ: ನಾನೂರು ಚಿಲ್ಲರೆ ವೋಲ್ಟಿನ ಒತ್ತಡ, ಆದರೆ ಕರೆಂಟು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಸ್ಪೀಕರ್ ಕೇಳುವುದು ತಗ್ಗಿನಲ್ಲಿ ತುಂಬಿ ಹರಿಯುವ ನೀರು: 16 ಓಮಿಗೆ 35 ವ್ಯಾಟ್ ಎಂದರೆ ಸುಮಾರು 24 ವೋಲ್ಟ್, ಒಂದೂವರೆ ಆಂಪಿಯರ್. ಈ ಎತ್ತರವನ್ನು ಆ ಅಗಲಕ್ಕೆ ಇಳಿಸಿಕೊಡುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಒಂದಕ್ಕೆ ಇಪ್ಪತ್ತರ ಸುತ್ತಿನ ಲೆಕ್ಕದಲ್ಲಿ. ಟ್ರಾನ್ಸಿಸ್ಟರ್ ಹುಟ್ಟಿನಿಂದಲೇ ತಗ್ಗಿನ ಕಾಲುವೆ. ನಡುವೆ ಯಾರೂ ಬೇಕಿಲ್ಲ.

ನಡುವೆ ಯಾರೂ ಇಲ್ಲದ್ದರಿಂದ ಅದಕ್ಕೆ ಒಂದು ಬಲ ಬರುತ್ತದೆ. ಡೊಳ್ಳಿನ ಪೆಟ್ಟಿಗೆ ಮುಂದಕ್ಕೆ ನೆಗೆದ 15 ಇಂಚಿನ ಕೋನ್ ತಾನಾಗಿ ನಿಲ್ಲುವುದಿಲ್ಲ, ಜೀಕುತ್ತದೆ. ಟ್ರಾನ್ಸಿಸ್ಟರ್ ಅದನ್ನು ಮೂಗುದಾರ ಜಗ್ಗಿದ ಹಾಗೆ ನಿಲ್ಲಿಸುತ್ತದೆ. ಈ ಹಿಡಿತವನ್ನು ಡ್ಯಾಂಪಿಂಗ್ ಎನ್ನುತ್ತಾರೆ. ಟ್ರಾನ್ಸಿಸ್ಟರಿನಲ್ಲಿ ಅದರ ಅಂಕ ನೂರರ ಮೇಲೆ, ವಾಲ್ವಿನಲ್ಲಿ ಹತ್ತರ ಸುತ್ತ. ಕೆಲವರ ಕಿವಿಗೆ ‘ತುಂಬಿದ’ ದನಿ ಎನಿಸುವುದು ಎಷ್ಟೋ ಸಲ ಈ ಸಡಿಲ ಹಗ್ಗವೇ.

*

ಸುರಪುರದ ಮಾಳಿಗೆ ಮನೆ ದನಿಗೆ ಹೇಳಿ ಮಾಡಿಸಿದ ಮನೆ. ಎರಡಡಿ ದಪ್ಪದ ಮಣ್ಣುಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಸಿಮೆಂಟಿನ ಕೋಣೆಯಂತೆ ದನಿ ಇಲ್ಲಿ ಪುಟಿಯುವುದಿಲ್ಲ; ಜಂತಿಗಳ ಸಂದಿನಲ್ಲಿ ಚದುರಿ ಮಣ್ಣಿನಲ್ಲಿ ಇಂಗುತ್ತದೆ. ಕೆಳಗಿನ ಫರಸಿ ಕಲ್ಲಷ್ಟೇ ಗಡಸು. ಮಾಸ್ತರ ಮನೆಯವರು ಅದರ ಮೇಲೆ ದೊಡ್ಡ ಜಮಖಾನ ಹಾಸಿದರು. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಮುಂದೆ ನಿಲ್ಲಿಸಿದೆವು.

ಉಸ್ತಾದರು ಎರಡೂ ಆಂಪುಗಳನ್ನು ಹೊತ್ತುಕೊಂಡು ಬಂದಿದ್ದರು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯ ಊಟ ಮುಗಿದು, ಓಣಿ ಸುಮ್ಮನಾದ ಮೇಲೆ ಕೂತೆವು. ಕರೆಂಟಿಗೆ ಮೀಟರ್ ಇಟ್ಟರೆ 196 ವೋಲ್ಟ್. ಪಂಪ್‌ಸೆಟ್ಟುಗಳ ಹೊತ್ತು ಮುಗಿದ ಮೇಲೆ ಅದೇ ಗೋಡೆಯಲ್ಲಿ 244 ಬಂತು. ಈ ಏರಿಳಿತ ಎರಡಕ್ಕೂ ಕೆಟ್ಟದ್ದು, ವಾಲ್ವಿಗೆ ಇನ್ನಷ್ಟು ಕೆಟ್ಟದ್ದು. ಅದರ ಒಳದೀಪ 6.3 ವೋಲ್ಟಿಗೆಂದೇ ಹುಟ್ಟಿದ್ದು. ಕಡಿಮೆಯಾದರೂ ಹೆಚ್ಚಾದರೂ ಆಯಸ್ಸು ಸವೆಯುತ್ತದೆ. ಸ್ಟೆಬಿಲೈಸರ್ ನಮ್ಮ ಕಡೆ ವಾಲ್ವಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕಾದ ಖರ್ಚು.

ಒಂದು ನಿಯಮ ಹಾಕಿಕೊಂಡೆವು. ಎರಡು ಆಂಪಿನಲ್ಲೂ ಸ್ಪೀಕರ್ ತಂತಿಯ ಮೇಲೆ ಮೀಟರ್ ಒಂದೇ ವೋಲ್ಟ್ ತೋರಿಸಬೇಕು. ಕೂದಲೆಳೆ ಜೋರಿದ್ದರೂ ಕಿವಿ ಅದನ್ನೇ ಒಳ್ಳೆಯದು ಎನ್ನುತ್ತದೆ. ಅಂಗಡಿಗಳಲ್ಲಿ ನಾವು ಮೋಸಹೋಗುವುದು ಅಲ್ಲೇ.

ಮೊದಲು ಟ್ರಾನ್ಸಿಸ್ಟರ್. ಡೊಳ್ಳಿನ ಮುದ್ರಿಕೆ ಹಾಕಿದಾಗ ಎದೆಗೇ ಬಂದು ಬಡಿಯಿತು. ಪೆಟ್ಟು ಬಿತ್ತು, ನಿಂತಿತು. ಮಾಸ್ತರ ಮೊಮ್ಮಗ ಚಪ್ಪಾಳೆ ತಟ್ಟಿದ. ಆಮೇಲೆ ಭೀಮಸೇನರ ತಟ್ಟೆ. ತಂಬೂರಿ ಮಿಡಿಯಿತು. ಮಾಸ್ತರ ಹುಬ್ಬು ಗಂಟಿಕ್ಕಿತು. ತಂಬೂರಿಯ ತಂತಿಗೆ ಮರಳು ಮೆತ್ತಿದ ಹಾಗೆ ಒಂದು ಒರಟು ಇತ್ತು.

ಉಸ್ತಾದರು ಮೀಟರ್ ಕಡೆ ಬೆರಳು ತೋರಿಸಿದರು. ಕೋಣೆ ತುಂಬಿ ಹಾಡು ಕೇಳುತ್ತಿದೆ, ಮುಳ್ಳು ಇರುವುದು 2 ವೋಲ್ಟಿನಲ್ಲಿ. ಎರಡೆರಡಲೆ ನಾಲ್ಕು, ಅದನ್ನು ಹದಿನಾರರಿಂದ ಭಾಗಿಸಿದರೆ ಕಾಲು ವ್ಯಾಟ್! ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. 40 ಬೇಕೋ 35 ಬೇಕೋ ಎಂದು ಮೂರು ಊರು ಸುತ್ತಿದ ನಾವು ಕೇಳುತ್ತಿದ್ದುದು ಕಾಲು ವ್ಯಾಟನ್ನು.

ಅಲ್ಲಿಂದ ಮುಂದೆ ಪ್ರಶ್ನೆಯೇ ಬದಲಾಯಿತು. ಮೊದಲ ಒಂದು ವ್ಯಾಟ್ ಯಾರದು ಶುದ್ಧ? ಟ್ರಾನ್ಸಿಸ್ಟರ್ ಆಂಪಿನಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು, ಕೆಳಗಿನ ಅರ್ಧವನ್ನು ಇನ್ನೊಂದು ಎತ್ತುತ್ತವೆ. ಒಂದರ ಕೈಯಿಂದ ಇನ್ನೊಂದರ ಕೈಗೆ ಹಾಯುವಲ್ಲಿ ಸಣ್ಣ ತೊಡಕು ಉಳಿದರೆ ಜೋರು ಹಾಡಿನಲ್ಲಿ ಅದು ಮುಳುಗಿಹೋಗುತ್ತದೆ. ಕಾಲು ವ್ಯಾಟಿನಲ್ಲಿ ಅದೇ ಎದ್ದು ಕಾಣುತ್ತದೆ. ಸೂಕ್ಷ್ಮವಾದ ದೊಡ್ಡ ಪೆಟ್ಟಿಗೆ ಏನನ್ನೂ ಮುಚ್ಚಿಡುವುದಿಲ್ಲ. ಉಸ್ತಾದರು ಮುಚ್ಚಳ ತೆಗೆದು, ಬಯಾಸ್ ಪ್ರಿಸೆಟ್ಟನ್ನು ಸ್ಕ್ರೂಡ್ರೈವರಿನಿಂದ ಎಳ್ಳಷ್ಟು ತಿರುಗಿಸಿ, ಸ್ವಲ್ಪ ಹೆಚ್ಚು ಕರೆಂಟು ಹರಿಯಬಿಟ್ಟರು. ಬೆನ್ನಿನ ರೆಕ್ಕೆ ಬೆಚ್ಚಗಾಯಿತು. ಮರಳು ಬಹುಪಾಲು ಉದುರಿತು. ಟ್ರಾನ್ಸಿಸ್ಟರ್ ಒರಟು ಎಂದು ದೂರುವವರು ಬಹಳ ಮಂದಿ ಈ ಒಂದು ತಿರುಪು ಮುಟ್ಟದ ಆಂಪನ್ನು ಕೇಳಿದವರು.

ಆಮೇಲೆ ವಾಲ್ವ್. ಅರ್ಧ ನಿಮಿಷ ಏನೂ ಇಲ್ಲ. ನಾಲ್ಕು ಗಾಜಿನೊಳಗೆ ಕೆಂಡದ ಬಣ್ಣ ನಿಧಾನಕ್ಕೆ ಏರಿತು. ಹಾಡಿಗಿಂತ ಮೊದಲು ಬಂದದ್ದು ‘ಗುಂಯ್’ ಎಂಬ ಮೋಟಾರಿನಂಥ ಸದ್ದು. ಇಂಥ ಪೆಟ್ಟಿಗೆಗೆ ಆ ಗುಂಯ್ ದೊಡ್ಡ ಶಾಪ. ಒಳದೀಪದ ತಂತಿಗಳನ್ನು ಬಿಗಿಯಾಗಿ ಹೆಣೆದು ಮೂಲೆಗೆ ಒತ್ತಿದ ಮೇಲೆ ಅದು ಇಳಿಯಿತು. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಡೊಳ್ಳು ಈಗ ಮೊದಲಿನಷ್ಟು ಬಿಗಿಯಿರಲಿಲ್ಲ. ಪೆಟ್ಟಿನ ಬಾಲ ಒಂದಿಷ್ಟು ಎಳೆಯುತ್ತಿತ್ತು. ಅದನ್ನು ಮುಚ್ಚಿಟ್ಟು ಬರೆಯಲಾರೆ. ಆದರೆ ಮನ್ಸೂರರ ತಟ್ಟೆ ಹಾಕಿದಾಗ ಕೋಣೆಯೊಳಗೆ ಒಬ್ಬ ಮನುಷ್ಯ ಬಂದು ಕೂತ. ಉಸಿರು ಎಳೆದುಕೊಳ್ಳುವುದು, ಸ್ವರದ ತುದಿಯಲ್ಲಿ ತುಟಿ ಮುಚ್ಚುವುದು ಕೇಳಿತು. ಮಾಸ್ತರು ಕಣ್ಣು ಮುಚ್ಚಿದರು. ತಟ್ಟೆ ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ತಿರುಗುತ್ತಿದ್ದರೂ ಯಾರೂ ಏಳಲಿಲ್ಲ.

ವ್ಯತ್ಯಾಸ ಜನ ಹೇಳುವಷ್ಟು ದೊಡ್ಡದಲ್ಲ. ಬಯಾಸ್ ಸರಿಮಾಡಿದ ಟ್ರಾನ್ಸಿಸ್ಟರಿನಲ್ಲೂ ಅದೇ ಮನ್ಸೂರರು ಇದ್ದರು, ಒಂದೆರಡು ಗಜ ದೂರದಲ್ಲಿ. ಮನುಷ್ಯದನಿ, ತಂಬೂರಿ, ಸಾರಂಗಿಯನ್ನು ರಾತ್ರಿ ಹೊತ್ತು ಮೆಲ್ಲಗೆ ಕೇಳುವ ಒಬ್ಬ ಮಾಸ್ತರಿಗೆ, 16 ಓಮಿನ, ಮತ್ತೆ ಸಿಗದ ಈ ಪೆಟ್ಟಿಗೆಗಳಿಗೆ ವಾಲ್ವೇ ತಕ್ಕದ್ದು ಎಂದು ಅಂದು ನನಗೆ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ. ಇದೇ ಮನೆಯಲ್ಲಿ ಇಂದಿನ ಎತ್ತರದ, ತೆಳುವಾದ ಟವರ್ ಸ್ಪೀಕರ್ ಇದ್ದಿದ್ದರೆ, ನಾಲ್ಕು ಓಮಿನದು, 86 ಡೆಸಿಬಲ್ಲಿನದು ಆಗಿದ್ದರೆ, ಎರಡನೆಯ ಮಾತಿಲ್ಲದೆ ಟ್ರಾನ್ಸಿಸ್ಟರ್ ಎನ್ನುತ್ತಿದ್ದೆ. ಅದಕ್ಕೆ ಬೇಕಾದ ಶಕ್ತಿಯನ್ನು ನಾಲ್ಕು ಇಎಲ್34 ಕೊಡಲಾರವು.

ಇನ್ನು ನಮ್ಮ ಬೇಸಿಗೆ. ನಾಲ್ಕು ಇಎಲ್34ಗಳ ಒಳದೀಪಕ್ಕೇ 38 ವ್ಯಾಟ್ ಬೇಕು, ಉಳಿದದ್ದೆಲ್ಲ ಸೇರಿದರೆ ನೂರೈವತ್ತರ ಹತ್ತಿರ. ಹಾಡಿದರೂ ಹಾಡದಿದ್ದರೂ ಅದು ಕೋಣೆಗೆ ಬಿಸಿಯಾಗಿ ಸೇರುತ್ತದೆ. 43 ಡಿಗ್ರಿಯ ಮೇ ತಿಂಗಳಲ್ಲಿ ಸುರಪುರದ ಬಂಡೆಗಳ ನಡುವೆ ಒಂದು ಒಲೆ ಹಚ್ಚಿಕೊಂಡು ಕೂತ ಹಾಗೆ.

ಮಾಸ್ತರು ಎರಡನ್ನೂ ಇಟ್ಟುಕೊಂಡರು. ಟ್ರಾನ್ಸಿಸ್ಟರಿಗೆ ಉಸ್ತಾದರು ಪ್ರೊಟೆಕ್ಷನ್ ಬೋರ್ಡು ಕೂಡಿಸಿಕೊಟ್ಟರು. ಏಪ್ರಿಲ್, ಮೇ ತಿಂಗಳಲ್ಲಿ ಅದು ಹಾಡಿತು. ಮೃಗಶಿರಾ ಮಳೆ ಬಿದ್ದ ರಾತ್ರಿ ಅವರ ಫೋನ್ ಬಂತು. ಮಾತಿಲ್ಲ, ಹಿಂದೆ ಮಳೆಯ ಸದ್ದು, ಅದರ ನಡುವೆ ಜಂಬಲದಿನ್ನಿಯವರ ದನಿ. “ವಾಲ್ವ್ ಹಚ್ಚೀನಿ,” ಎಂದರು ಆಮೇಲೆ.

ಯಾದಗಿರಿ, ಶಹಾಪುರ, ಸುರಪುರದ ಅಟ್ಟಗಳಲ್ಲಿ ಇಂಥ ವಾಲ್ವ್ ಸೆಟ್ಟುಗಳು ಇನ್ನೂ ಇವೆ. ಒಳಗಿನ ತಾಮ್ರದ ತೂಕಕ್ಕೆ ಅವು ಗುಜರಿಗೆ ಹೋಗುತ್ತಿವೆ. ನಿಮ್ಮ ಮನೆಯಲ್ಲಿದ್ದರೆ ಮಾರುವ ಮುನ್ನ ಒಮ್ಮೆ ಬಲ್ಲ ಉಸ್ತಾದರಿಗೆ ತೋರಿಸಿ. ಸೀದಾ ಮನೆಯ ಕರೆಂಟಿಗೆ ಮಾತ್ರ ಹಚ್ಚಬೇಡಿ, ಹಳೆಯ ಕೆಪ್ಯಾಸಿಟರ್ ಸಿಡಿದೀತು. ಮುಚ್ಚಳ ತೆಗೆದು ಒಳಗೆ ಕೈ ಹಾಕಲೂ ಬೇಡಿ. ಸ್ವಿಚ್ ಆರಿಸಿದ ಮೇಲೂ ಆ ಸೆಟ್ಟಿನೊಳಗೆ ನಾನೂರು ವೋಲ್ಟ್ ಬಹಳ ಹೊತ್ತು ಉಳಿದಿರುತ್ತದೆ.